ಮದ್ದು ಮನೆಮಂದಿಗೆ

ನಮ್ಮ ಮನೆಯಲ್ಲಿ ಯಾವ ಕೆಲಸವೂ ಪೂರ್ತಿ ಮುಗಿದಿರಲಿಲ್ಲ. ಹಜಾರದ ಗೋಡೆಗೆ ಸೊಂಟದೆತ್ತರದವರೆಗೆ ಹಸಿರು ಬಣ್ಣ, ಅಲ್ಲಿಂದ ಮೇಲೆ ಹಳೆಯ ಸುಣ್ಣ. ಅಟ್ಟಕ್ಕೆಂದು ಅಪ್ಪಯ್ಯ ಕಟ್ಟಲು ಹೊರಟ ಸಿಮೆಂಟಿನ ಮೆಟ್ಟಿಲು ಅರ್ಧದಲ್ಲೇ ನಿಂತುಹೋಗಿತ್ತು. ಅಮ್ಮ ಅದರ ಮೇಲೆ ಉಪ್ಪಿನಕಾಯಿ ಭರಣಿಗಳನ್ನು ಸಾಲಾಗಿ ಜೋಡಿಸಿದ್ದಳು. ಜಗಲಿಯ ಮೂಲೆಯಲ್ಲಿ ಬಿಚ್ಚಿ ಹರವಿದ ಒಂದು ಪಂಪು, ಪಕ್ಕದಲ್ಲಿ ಅದನ್ನು ಜೋಡಿಸಲು ತಂದ ಸ್ಪ್ಯಾನರುಗಳು, ಅವುಗಳ ಮೇಲೆ ಮಲಗಿದ ಬೆಕ್ಕು. ಬಚ್ಚಲಿನ ಬಾಗಿಲಿಗೆ ಚಿಲಕದ ತೂತು ಕೊರೆದಿತ್ತು, ಚಿಲಕ ಬಂದಿರಲಿಲ್ಲ. ಸ್ನಾನಕ್ಕೆ ಹೋದವರು ಒಳಗೆ ಜನ ಇದ್ದಾರೆಂದು ಹೊರಗಿನವರಿಗೆ ತಿಳಿಯಲು ಗಟ್ಟಿಯಾಗಿ ಏನನ್ನಾದರೂ ಹಾಡುತ್ತಿರಬೇಕಿತ್ತು. ಹಾಗಾಗಿ ಕಂಠ ಹೇಗೇ ಇರಲಿ, ನಮ್ಮ ಮನೆಯವರೆಲ್ಲರೂ ಹಾಡುವವರೇ. ಲೋಕದ ಎಲ್ಲ ಮನೆಗಳೂ ಹೀಗೆಯೇ ಇರುತ್ತವೆ ಎಂದು ನಾನು ತಿಳಿದಿದ್ದೆ. ಯಾರದಾದರೂ ಮನೆಗೆ ಹೋದಾಗ ನೆಲದಿಂದ ಮಾಡಿನವರೆಗೆ ಒಂದೇ ಬಣ್ಣದ ಗೋಡೆ ಕಂಡರೆ, ಪಾಪ, ಇವರಿಗೆ ಎರಡನೆಯ ಬಣ್ಣ ಸಿಗಲಿಲ್ಲವೇನೋ ಎಂದುಕೊಳ್ಳುತ್ತಿದ್ದೆ.

ಮೂಡಿಗೆರೆಯಿಂದಾಚೆ ಜಾವಳಿಯ ಕಡೆಯ ಒಂದು ದಿಣ್ಣೆಯ ಮೇಲೆ ಆ ಮನೆ. ಹಿಂದೆ ಸಣ್ಣದೊಂದು ಕಾಫಿ ತೋಟ, ಮುಂದೆ ಕಾಫಿ ಒಣಗಿಸುವ ಸಿಮೆಂಟಿನ ಕಣ. ಮನೆಯ ಯಾವ ಕೋಣೆಗಿಂತಲೂ ಆ ಕಣವೇ ದೊಡ್ಡದು, ನನ್ನ ಲೆಕ್ಕದಲ್ಲಿ ಮನೆಯೆಂದರೆ ಅದೇ. ಕೊಯ್ಲಿನ ತಿಂಗಳುಗಳಲ್ಲಿ ಅದರ ತುಂಬ ಕೆಂಪು ಹಣ್ಣು, ಇನ್ನೊಂದು ಬದಿಯಲ್ಲಿ ಹಣ್ಣಿನ ಸಿಪ್ಪೆ ಸುಲಿದು ತೊಳೆದು ಹರಡಿದ ಪಾರ್ಚ್‌ಮೆಂಟ್ ಬೀಜ. ಮನೆಯಲ್ಲಿ ನಾವು ಅಪ್ಪಯ್ಯ, ಅಮ್ಮ, ಅಪ್ಪಯ್ಯನ ತಾಯಿ ಅಂದರೆ ಅಜ್ಜಿ, ಮತ್ತು ನಾನು. ಅಪ್ಪಯ್ಯ ಎತ್ತರದ ಆಳು, ನಿಂತೇ ಕಾಫಿ ಕುಡಿಯುವವರು, ನಿಂತೇ ಪೇಪರ್ ಓದುವವರು. ಕೂತದ್ದನ್ನು ಕಂಡದ್ದು ಕಡಿಮೆ. ಮಾತು ಮಾತ್ರ ಅವರಿಗೆ ಮುಗಿಯುತ್ತಿರಲಿಲ್ಲ. ನನಗೊಂದು ಕೆಲಸ ಹೇಳಿದರೆ ಅದು ಹೀಗಿರುತ್ತಿತ್ತು:

"ಕೂಸೇ, ಒಳಗೆ ಹೋಗಿ ದೇವರ ಗೂಡಲ್ಲಿರೋ ಬೆಂಕಿಪೆಟ್ಟಿಗೆ ಅಮ್ಮನ ಕೈಲಿ ಕೊಟ್ಟು, ಹಾಗೇ ಬರ್ತಾ ನನ್ನ ಟವೆಲ್ ತಂದು, ಮೇಸ್ತ್ರಿ ಬಂದಿದಾನಾ ನೋಡಿ, ಬಂದಿದ್ರೆ ಕೂತ್ಕೊಳೋಕೆ ಹೇಳಿ ಬಾ. ಓಡ್ಬೇಡ, ಬಾಗಿಲು ದಡಾರ್ ಅನ್ಸಬೇಡ."

'ಒಳಗೆ ಹೋಗಿ' ಎನ್ನುವಷ್ಟರಲ್ಲಿ ನಾನು ಒಳಗಿರುತ್ತಿದ್ದೆ. ಆಮೇಲಿನ ಮಾತುಗಳೆಲ್ಲ ಖಾಲಿ ಜಗಲಿಗೆ ಬೀಳುತ್ತಿದ್ದವು. ಒಳಗೆ ಹೋದ ಮೇಲೆ ಯಾಕೆ ಬಂದೆ ಎನ್ನುವುದು ನೆನಪಾಗದೆ ಕಣ್ಣಿಗೆ ಬಿದ್ದದ್ದನ್ನು ಹಿಡಿದುಕೊಳ್ಳುತ್ತಿದ್ದೆ, ಬೆಕ್ಕಾದರೆ ಬೆಕ್ಕು, ಸ್ಪ್ಯಾನರಾದರೆ ಸ್ಪ್ಯಾನರು. ಸ್ವಲ್ಪ ಹೊತ್ತಿಗೆ ಹೊರಗಿನಿಂದ "ಏಯ್!" ಎಂದು ಕೂಗು. ನನ್ನ ಹೆಸರು ವಾಣಿ. ಆದರೆ ದಿನಕ್ಕೆ ಅಷ್ಟು ಸಲ ಕೇಳಿಸಿಕೊಳ್ಳುತ್ತಿದ್ದುದರಿಂದ ನನ್ನ ನಿಜವಾದ ಹೆಸರು 'ಏಯ್' ಎಂದೇ ನನಗೊಂದು ಗುಮಾನಿಯಿತ್ತು. ಊಟಕ್ಕೆ ಕೂತರೆ ಒಂದು ತುತ್ತು ಬಾಯಿಗಿಟ್ಟು ಎದ್ದು, ಹೆಬ್ಬಾಗಿಲು ಮುಟ್ಟಿ ಬಂದು ಇನ್ನೊಂದು ತುತ್ತು. ಅಮ್ಮ ಅದಕ್ಕೆ ಪ್ರದಕ್ಷಿಣೆ ಊಟ ಎನ್ನುತ್ತಿದ್ದಳು. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕುತ್ತಿದ್ದೆ. ಹಾಕಬಾರದೆಂದು ಗೊತ್ತಿತ್ತು, ಗೊತ್ತಾಗುವ ಹೊತ್ತಿಗೆ ಹಾಕಿ ಆಗಿರುತ್ತಿತ್ತು. ಒಂದನೇ ಕ್ಲಾಸಿನ ಟೀಚರ್ ಒಂದು ದಿನ ಅಮ್ಮನನ್ನು ಕರೆಸಿ, ಬೈಯದೆ, ಬೇಸರದಲ್ಲೇ ಹೇಳಿದರು:

"ವಾಣಿ ದಡ್ಡಿ ಅಲ್ಲ ಕಣ್ರಿ. ಆದ್ರೆ ಅವಳು ಕಿಟಕಿ ಹತ್ತಿದ್ರೆ ಉಳಿದ ಮಕ್ಕಳೂ ಕಿಟಕೀಲೇ ಇರ್ತಾರೆ. ನಾನು ಪಾಠ ಯಾರಿಗೆ ಮಾಡ್ಲಿ?"

ಆ ವರ್ಷ ಕೊಯ್ಲಿನ ನಡುವೆ ಅಜ್ಜನ ತಿಥಿ ಬಂತು. ಚಿಕ್ಕಮಗಳೂರಿನಿಂದ ದೊಡ್ಡಪ್ಪ, ದೊಡ್ಡಮ್ಮ ಬಂದಿದ್ದರು. ಬೆಳಗಿನಿಂದ ಅಮ್ಮ ಮತ್ತು ದೊಡ್ಡಮ್ಮ ಮಡಿಯುಟ್ಟು ಅಡಿಗೆ ಮಾಡುತ್ತಿದ್ದರು. ನನಗೆ ಅಡಿಗೆಮನೆಯ ಹೊಸ್ತಿಲಿನಾಚೆ ಇರಲು ಎಲ್ಲರೂ ಹೇಳಿದ್ದರು, ನಾನೂ ಒಪ್ಪಿದ್ದೆ. ಪುರೋಹಿತರು ಎಲೆ ಹಾಕಿಸಿದ ಹೊತ್ತಿಗೆ ಕಣದ ಅಂಚಿನಲ್ಲಿ ದೊಡ್ಡ ಕೊಕ್ಕಿನ ಎರಡು ಮಂಗಟ್ಟೆ ಹಕ್ಕಿಗಳು ಬಂದು ಕೂತವು. ಅಷ್ಟು ಹತ್ತಿರದಲ್ಲಿ ಅವನ್ನು ನಾನು ಯಾವತ್ತೂ ನೋಡಿರಲಿಲ್ಲ. ಅಮ್ಮನಿಗೆ ಹೇಳಲೇಬೇಕಿತ್ತು. ಹೊಸ್ತಿಲು ದಾಟಿದ್ದು ನನಗೆ ನೆನಪಿಲ್ಲ. ಅಮ್ಮನ ಸೆರಗು ಹಿಡಿದು ಎಳೆದದ್ದು ನೆನಪಿದೆ. ಅವಳು ಆಗಷ್ಟೇ ಒಲೆಯಿಂದ ಪಾಯಸದ ತಪ್ಪಲೆ ಇಳಿಸುತ್ತಿದ್ದಳು. ಅಷ್ಟೂ ಪಾಯಸ ಅವಳ ಪಾದದ ಮೇಲೆ ಚೆಲ್ಲಿತು.

ಅಮ್ಮ ಕೂಗಲಿಲ್ಲ. ದೊಡ್ಡಮ್ಮ ಕೂಗಿದಳು. ಅಪ್ಪಯ್ಯ ಬಂದು ನನ್ನ ಬೆನ್ನಿಗೆ ಎರಡು ಬಾರಿಸಿ, ಎತ್ತಿಕೊಂಡು ಹೋಗಿ ಕಾಫಿ ಮೂಟೆಗಳ ಗೋಡೌನಿನಲ್ಲಿ ಕೂಡಿಹಾಕಿದರು. ಹೊಸದಾಗಿ ಪಾಯಸ ಆಗುವವರೆಗೆ ಪುರೋಹಿತರು ಹಸಿದುಕೊಂಡು ಕಾದರು. ಸಂಜೆ ಬಾಗಿಲು ತೆಗೆದಾಗ ಜಗಲಿಯಲ್ಲಿ ದೊಡ್ಡಪ್ಪ ಮಾತಾಡುತ್ತಿದ್ದರು.

"ಮಂಗಳೂರಲ್ಲಿ ಹಾಸ್ಟೆಲ್ ಇರೋ ಸ್ಕೂಲಿದೆ ಶ್ರೀಧರ. ಸ್ಟ್ರಿಕ್ಟು. ಒಂದು ವರ್ಷ ಬಿಟ್ಟು ನೋಡು, ತಂತಿ ತರ ನೆಟ್ಟಗಾಗಿ ಬರ್ತಾಳೆ."

"ಕೊಯ್ಲು ಮುಗೀಲಿ ಅಣ್ಣ, ಕರ್ಕೊಂಡು ಹೋಗಿ ಸೇರಿಸ್ತೀನಿ," ಎಂದರು ಅಪ್ಪಯ್ಯ.

ಕಾಲಿಗೆ ಬಟ್ಟೆ ಸುತ್ತಿಕೊಂಡು ಗೋಡೆಗೊರಗಿದ್ದ ಅಮ್ಮ, "ನನ್ನ ಕೇಳಿದ್ರಾ?" ಎಂದಳು. ಆ ದಿನದಿಂದ ನಮ್ಮ ಮನೆಯಲ್ಲಿ ಒಂದು ಜಗಳ ಶುರುವಾಯಿತು. ಅದು ಕೂಗಾಟದ ಜಗಳವಲ್ಲ. ಅಮ್ಮ ಅಪ್ಪಯ್ಯನಿಗೆ ಬಡಿಸುವಾಗ ಇನ್ನಷ್ಟು ಬೇಕಾ ಎಂದು ಕೇಳುವುದನ್ನು ಬಿಟ್ಟಳು.

ಅಮ್ಮನ ಕಾಲಿಗೆ ಡ್ರೆಸಿಂಗ್ ಮಾಡಿಸಲು ನಾವು ಜೀಪಿನಲ್ಲಿ ಮೂಡಿಗೆರೆಗೆ ಹೋಗಿಬರುತ್ತಿದ್ದೆವು. ಅಲ್ಲಿನ ಡಾಕ್ಟರು ವಯಸ್ಸಾದವರು, ನಿಧಾನದವರು. ಅವರು ಅಮ್ಮನ ಕಾಲಿನ ಪಟ್ಟಿ ಬಿಚ್ಚಿ ಕಟ್ಟುವುದರೊಳಗೆ ನಾನು ಅವರ ತಿರುಗುವ ಸ್ಟೂಲನ್ನು ಕೊನೆಯವರೆಗೆ ತಿರುಗಿಸಿ ಮೇಲಿನ ತಟ್ಟೆಯನ್ನೇ ಕಳಚಿದ್ದೆ, ತೂಕದ ಮಷೀನಿನ ಮೇಲೆ ಹತ್ತಿ ಇಳಿದಿದ್ದೆ, ಪರದೆಯ ಹಿಂದೆ ಮಲಗಿದ್ದ ಮುದುಕನಿಗೆ ನನ್ನ ಪರಿಚಯ ಹೇಳಿಕೊಂಡಿದ್ದೆ. ಡಾಕ್ಟರು ಗದರಲಿಲ್ಲ. ನನ್ನನ್ನೇ ನೋಡುತ್ತ ಅಮ್ಮನನ್ನು ಅದೂ ಇದೂ ಕೇಳಿದರು. ಮನೆಯಲ್ಲೂ ಹೀಗೆಯೇ? ಶಾಲೆಯಲ್ಲೂ? ಯಾವಾಗಿನಿಂದ? ಆಮೇಲೆ, "ಇದು ತುಂಟತನ ಮಾತ್ರ ಅಲ್ಲ ಅನ್ಸುತ್ತೆ. ಮಂಗಳೂರಲ್ಲಿ ಮಕ್ಕಳ ಮನಸ್ಸಿನ ಡಾಕ್ಟ್ರು ಒಬ್ರಿದಾರೆ, ಒಂದ್ಸಲ ತೋರ್ಸಿ," ಎಂದರು. ಹೇಗೂ ಹಾಸ್ಟೆಲ್ ನೋಡಲು ಮಂಗಳೂರಿಗೆ ಹೋಗಬೇಕಲ್ಲ ಎಂದು ಅಪ್ಪಯ್ಯ ಒಪ್ಪಿದರು. ಮೊದಲು ಡಾಕ್ಟರು, ಆಮೇಲೆ ಹಾಸ್ಟೆಲು ಎಂದು ಅಮ್ಮ ಹಟ ಹಿಡಿದಳು.

ಚಾರ್ಮಾಡಿ ಘಾಟಿ ಇಳಿಯುವಾಗ ನಾನು ವಾಂತಿ ಮಾಡಿದೆ, ಅಪ್ಪಯ್ಯನ ಮಾತು ಮಾತ್ರ ನಿಲ್ಲಲಿಲ್ಲ. ಮಂಗಳೂರಿನ ಡಾಕ್ಟರಮ್ಮ ತೆಳ್ಳಗಿನ ಹೆಂಗಸು, ಮೇಜಿನ ಹಿಂದೆ ಕೂರದೆ ನೆಲದ ಚಾಪೆಯ ಮೇಲೆ ನನ್ನ ಎದುರು ಕೂತರು. ಆಟಿಕೆ ಕೊಟ್ಟರು, ಚಿತ್ರ ತೋರಿಸಿದರು, ಟೀಚರನ್ನು ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಟ್ಟು ಮತ್ತೆ ಬರಹೇಳಿದರು. ಎರಡನೆಯ ಸಲ ಹೋದಾಗ ಅವರು ನನ್ನಲ್ಲಿದ್ದದ್ದಕ್ಕೆ ಎ.ಡಿ.ಎಚ್.ಡಿ. ಎಂದು ಹೆಸರು ಹೇಳಿದರು. ಗಮನ ನಿಲ್ಲಿಸುವುದು, ಕೈಕಾಲು ಹಿಡಿದುಕೊಳ್ಳುವುದು, ಕಾಯುವುದು, ಇವು ಈ ಮಗುವಿಗೆ ಬೇರೆ ಮಕ್ಕಳಿಗಿಂತ ಕಷ್ಟ. ಬೇಕೆಂದು ಮಾಡುವುದಲ್ಲ ಎಂದರು. ಮನೆಯಲ್ಲಿ ಬೇರೆ ಯಾರಾದರೂ ಸಣ್ಣವರಿದ್ದಾಗ ಹೀಗಿದ್ದರಾ ಎಂದೂ ಕೇಳಿದರು.

"ಯಾರೂ ಇಲ್ಲ," ಎಂದರು ಅಪ್ಪಯ್ಯ, ಕಿಟಕಿಯ ಹತ್ತಿರ ನಿಂತುಕೊಂಡು. "ಮಾತ್ರೆ ಎಷ್ಟು ದಿನ ಕೊಡ್ಬೇಕು?"

"ಮಾತ್ರೆ ಕೆಟ್ಟದ್ದೇನಲ್ಲ. ಮುಂದೆ ಬೇಕಾದ್ರೆ ಕೊಡೋಣ. ಆದ್ರೆ ಇಷ್ಟು ಸಣ್ಣವಳಿಗೆ ಮೊದ್ಲು ಮನೆಯವರು ಕಲೀಬೇಕು, ಆಮೇಲೆ ಶಾಲೆಯವರು. ನಿಮ್ಮನ್ನ ತಪ್ಪು ಅಂತಿಲ್ಲ. ಬೇರೆ ಮಕ್ಕಳಿಗೆ ಸಾಕಾಗೋದು ಇವಳಿಗೆ ಸಾಕಾಗಲ್ಲ, ಅಷ್ಟೆ."

ಅವರು ಹೇಳಿಕೊಟ್ಟದ್ದರಲ್ಲಿ ದೊಡ್ಡ ವಿದ್ಯೆ ಏನೂ ಇರಲಿಲ್ಲ. ದೂರದಿಂದ ಕೂಗಬೇಡಿ, ಹತ್ತಿರ ಹೋಗಿ, ಅವಳ ಕಣ್ಣಿನ ಎತ್ತರಕ್ಕೆ ಬಗ್ಗಿ, ಹೆಗಲು ಮುಟ್ಟಿ, ಒಂದು ಸಲಕ್ಕೆ ಒಂದೇ ಮಾತು ಹೇಳಿ. ಅದನ್ನು ಮಾಡಿದ ಕೂಡಲೇ, ನಾಳೆಯಲ್ಲ, ಆ ಕ್ಷಣ, ಏನು ಚೆನ್ನಾಗಿ ಮಾಡಿದಳೆಂದು ಹೇಳಿ. ಸಣ್ಣಪುಟ್ಟದ್ದನ್ನು ಕಂಡೂ ಕಾಣದ ಹಾಗಿರಿ. ಏಳುವುದು, ಉಣ್ಣುವುದು, ಮಲಗುವುದು ದಿನಾ ಒಂದೇ ಹೊತ್ತಿಗಾಗಲಿ. ಒಂದು ಆಟ ಬಿಡಿಸಬೇಕಾದರೆ ಮೊದಲೇ ಹೇಳಿಡಿ. ಕೂರಬೇಕಾದ ಕೆಲಸಕ್ಕೆ ಮುಂಚೆ ಮೈ ದಣಿಯುವಷ್ಟು ಓಡಾಡಲಿ. ಹೊಡೆಯಬೇಡಿ, ಹೊಡೆದರೆ ಅವಳಿಗೆ ಹೊಡೆತ ನೆನಪಿರುತ್ತದೆ, ಯಾಕೆಂಬುದು ನೆನಪಿರುವುದಿಲ್ಲ. ಅಮ್ಮ ಕಣ್ಣು ಮಿಟುಕಿಸದೆ ಕೇಳಿದಳು. ಅವತ್ತು ಹಾಸ್ಟೆಲು ನೋಡಲು ಹೊತ್ತು ಸಿಗಲಿಲ್ಲ. ಮನೆಗೆ ಬಂದಾಗ ಅಜ್ಜಿ ಜಗಲಿಯಲ್ಲೇ ಕಾದಿದ್ದಳು.

"ಎಂತ ಮದ್ದು ಕೊಟ್ರು?"

"ಮದ್ದು ಕೂಸಿಗಲ್ಲವಂತೆ ಅಮ್ಮ," ಎಂದರು ಅಪ್ಪಯ್ಯ ಚಪ್ಪಲಿ ಕಳಚುತ್ತ. "ನಮಗೇ ಕೊಟ್ಟಿದಾರೆ. ದಿನಕ್ಕೆ ಹತ್ತು ಸಲ ಕುಡೀಬೇಕು."

ಅಮ್ಮ ಮರುದಿನವೇ ಶುರು ಮಾಡಿದಳು. ಒಂದು ಗಾಜಿನ ಲೋಟದಲ್ಲಿ ಮಂಜಟ್ಟಿ ಬೀಜ ಹಾಕುವ ಆಟ ಕಟ್ಟಿದಳು. ಊಟದ ನಡುವೆ ಏಳದೆ ಇದ್ದರೆ ಒಂದು ಕೆಂಪು ಬೀಜ, ಹೋಂವರ್ಕಿನ ಒಂದು ಸಾಲಿಗೆ ಒಂದು ಬೀಜ, ಲೋಟದ ಗೆರೆ ಮುಟ್ಟಿದರೆ ಸಂಜೆ ಹಳ್ಳದ ಹತ್ತಿರ ಹೋಗುವುದು. ಅಜ್ಜಿಗೆ ಹೊಗಳುವುದೇ ಕಷ್ಟವಾಯಿತು. ಮಗುವನ್ನು ಮುಖದೆದುರು ಹೊಗಳಿದರೆ ದೃಷ್ಟಿಯಾಗುತ್ತದೆ ಎಂದು ಅವಳು ಜೀವಮಾನವಿಡೀ ನಂಬಿದವಳು. ತನ್ನ ಮಕ್ಕಳನ್ನು ಒಂದು ದಿನವೂ ಹೊಗಳಿದವಳಲ್ಲ. ಅಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಒಂದು ಬೆಳಿಗ್ಗೆ ನಾನು ಹೊರಬಾಗಿಲನ್ನು ಸದ್ದಾಗದ ಹಾಗೆ ಹಾಕಿ ಬಂದೆ. ಅಜ್ಜಿ ತುಳಸಿಗೆ ನೀರೆರೆಯುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ, ತುಳಸಿಯ ಕಡೆಗೇ ಬಗ್ಗಿ ಹೇಳಿದಳು:

"ಕೇಳಿದ್ಯಾ ತುಳಸಮ್ಮ, ಇವತ್ತು ಯಾರೋ ಒಬ್ಳು ಬಾಗಿಲು ಎಷ್ಟು ಮೆಲ್ಲಗೆ ಹಾಕಿದ್ಲು. ನಂಗಂತೂ ಕೇಳಿಸ್ಲೇ ಇಲ್ಲ."

ಅವತ್ತು ನಾನು ಆ ಬಾಗಿಲನ್ನು ಮತ್ತೆ ಮತ್ತೆ ತೆಗೆದು ಮತ್ತೆ ಮತ್ತೆ ಮೆಲ್ಲಗೆ ಹಾಕಿದೆ, ಅಜ್ಜಿಗೆ ಸಾಕಾಗಿ ಹೋಯಿತು. ಆಮೇಲೆ ತುಳಸಿಗೆ ನನ್ನ ಎಲ್ಲ ಸುದ್ದಿಯೂ ಹೋಗತೊಡಗಿತು. ಕೆಲವು ಸಲ ಹಸುವಿಗೂ.

ಅಪ್ಪಯ್ಯನೂ ಪ್ರಯತ್ನಪಟ್ಟರು, ಅದನ್ನು ಹೇಳಲೇಬೇಕು. ಕಣದ ಮಧ್ಯೆ ನನ್ನ ಮುಂದೆ ಕುಕ್ಕುರುಗಾಲಿನಲ್ಲಿ ಕೂತು, ಮಂಡಿ ಲಟಕ್ಕೆನ್ನುವುದು ನನಗೂ ಕೇಳಿಸುತ್ತಿತ್ತು, ಹೆಗಲು ಮುಟ್ಟಿ, "ಕೂಸೇ, ಟವೆಲ್ ತಾ," ಎನ್ನುವರು. ಉಳಿದ ಮಾತುಗಳನ್ನೆಲ್ಲ ಕಷ್ಟಪಟ್ಟು ನುಂಗಿಕೊಳ್ಳುವರು. ಟವೆಲ್ ತಂದರೆ, "ಹೇಳಿದ ಕೂಡ್ಲೇ ತಂದ್ಯಲ್ಲ, ಒಳ್ಳೇದಾಯ್ತು," ಎನ್ನುವರು, ಶಾಲೆಯ ಮಗು ಪದ್ಯ ಒಪ್ಪಿಸುವ ಹಾಗೆ. ಕೆಲವು ದಿನ ಹೀಗೆ ನಡೆಯಿತು. ಆಮೇಲೆ ಕೊಯ್ಲಿನ ಕೆಲಸ ಬಿಗಿಯಾಯಿತು, ಆಳುಗಳು ಸಿಗದಾದರು, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಕೆಟ್ಟಿತು. ಅಂಥ ಒಂದು ಮಧ್ಯಾಹ್ನ ನಾನು ಕೊಟ್ಟಿಗೆಗೆ ಹೋದೆ. ಅಲ್ಲಿ ಕಟ್ಟಿಹಾಕಿದ್ದ ಕರು ಹಗ್ಗ ಜಗ್ಗಿ ಜಗ್ಗಿ ಕುಣಿಯುತ್ತಿತ್ತು. ಅದಕ್ಕೆ ಓಡಬೇಕೆನಿಸಿದೆ ಎಂದು ನನಗೆ ಸ್ಪಷ್ಟವಾಗಿ ಅರ್ಥವಾಯಿತು. ಬಿಚ್ಚಿದೆ. ಕರು ನೇರ ಕಣಕ್ಕೆ ಹೋಯಿತು, ಬಾಲವೆತ್ತಿಕೊಂಡು. ಅದರ ಹಿಂದೆ ನಾನು. ಒಣಗಿ ಮೂಟೆಗೆ ತಯಾರಾಗಿದ್ದ ಪಾರ್ಚ್‌ಮೆಂಟಿನ ಮೇಲೆ ಇಬ್ಬರೂ ಸುತ್ತು ಹೊಡೆದೆವು. ಬೀಜ ಹುಲ್ಲಿಗೆಲ್ಲ ಚಿಮ್ಮಿತು, ಕರು ನಡುವೆ ನಿಂತು ಸಗಣಿಯನ್ನೂ ಹಾಕಿತು.

ಅಪ್ಪಯ್ಯ ತೋಟದಿಂದ ಓಡಿಬಂದವರು ಒಂದು ಮಾತನ್ನೂ ಆಡಲಿಲ್ಲ. ಅವರು ಮಾತಾಡದೆ ಇದ್ದದ್ದೇ ನನಗೆ ಹೆದರಿಕೆ ಹುಟ್ಟಿಸಿತು. ನೆಲದ ಮೇಲೆ ಬಿದ್ದಿದ್ದ ಕರುವಿನ ಹಗ್ಗ ಎತ್ತಿಕೊಂಡರು, ನನ್ನ ರಟ್ಟೆ ಹಿಡಿದು ಜಗಲಿಯ ಕಂಬದ ಹತ್ತಿರ ಎಳೆದರು, ಹಗ್ಗವನ್ನು ನನ್ನ ಹೊಟ್ಟೆಯ ಸುತ್ತ ಒಂದು ಸುತ್ತು ತಂದರು. ಅಮ್ಮ ತೋಟದ ಕೆಳಗೆ ಹಣ್ಣು ಕೊಯ್ಯುವವರ ಜೊತೆಗಿದ್ದಳು. ಅಜ್ಜಿ ಒಳಗಿನಿಂದ ಬಂದಳು.

"ಶ್ರೀಧರ, ಹಗ್ಗ ಕೆಳಗೆ ಹಾಕು."

"ನೀನು ಒಳಗೆ ಹೋಗಮ್ಮ."

"ಹಾಗೇ ಒಳಗೆ ಹೋಗಿದ್ದೆ ಆವಾಗ. ಈ ಕಂಬಕ್ಕೇ ನಿನ್ನ ಕಟ್ಟಿ ಹಾಕ್ತಿದ್ರು ನಿನ್ನಪ್ಪ, ನೀನು ಒಂದು ಕಡೆ ನಿಲ್ತಿರ್ಲಿಲ್ಲ ಅಂತ. ಇಷ್ಟೇ ಇದ್ದೆ ನೀನೂ. ನಾನು ಒಳಗೆ ಕೂತು ಅಕ್ಕಿ ಆರಿಸ್ತಿದ್ದೆ, ಕಲ್ಲು ಕಾಣ್ತಿರ್ಲಿಲ್ಲ ಕಣ್ಣಿಗೆ. ಒಂದು ಸಲ ಮುಗೀತು ಅದು. ಇನ್ನೊಂದು ಸಲ ನಾನು ಅಕ್ಕಿ ಆರಿಸಲ್ಲ ಮಾರಾಯ."

ಅಪ್ಪಯ್ಯ ಹಗ್ಗ ಹಿಡಿದುಕೊಂಡೇ ನಿಂತರು. ಅವರ ಮುಖದಲ್ಲಿ ಸಿಟ್ಟು ಇಳಿದದ್ದನ್ನು ನಾನು ಕೆಳಗಿನಿಂದ ನೋಡುತ್ತಿದ್ದೆ. ಅವರು ಕಂಬವನ್ನು ನೋಡಿದರು, ಅದರ ಬುಡದಲ್ಲಿ ಕೈಯಾಡಿಸಿದರು, ಅಲ್ಲಿ ಏನನ್ನೋ ಹುಡುಕುವವರ ಹಾಗೆ. "ಇದನ್ನ ಮರ್ತೇ ಬಿಟ್ಟಿದ್ನಲ್ಲಮ್ಮ," ಎಂದರು. ಮರೆತಿದ್ದರೋ, ನೆನಪಾಗದ ಹಾಗೆ ಎಲ್ಲಿಯೋ ಇಟ್ಟಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಹಗ್ಗ ಬಿಚ್ಚಿ ಕಣಕ್ಕೆ ಹೋಗಿ ಕರು ಹಿಡಿದು ಕಟ್ಟಿ ಬಂದರು. ಆಮೇಲೆ ಉದ್ದ ಹಿಡಿಯ ಗೋರುಮಣೆ ತಂದು ಚೆಲ್ಲಾಡಿದ ಬೀಜವನ್ನು ಎಳೆಯತೊಡಗಿದರು. ನಾನು ಜಗಲಿಯಲ್ಲೇ ನಿಂತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವರು ನನ್ನ ಹತ್ತಿರ ಬಂದು ಬಗ್ಗಿ, "ಹುಲ್ಲಲ್ಲಿ ಬಿದ್ದಿದ್ದನ್ನ ಹೆಕ್ಕು," ಎಂದರು. ಅಷ್ಟೇ ಎಂದರು. ಕತ್ತಲಾಗುವವರೆಗೆ ನಾನು ಹೆಕ್ಕಿದೆ. ಅಷ್ಟು ಹೊತ್ತು ಒಂದೇ ಕೆಲಸವನ್ನು ನಾನು ಅದಕ್ಕೆ ಮುಂಚೆ ಮಾಡಿರಲಿಲ್ಲ. ರಾತ್ರಿ ಊಟಕ್ಕೆ ಮೊದಲು ಅಪ್ಪಯ್ಯ ದೊಡ್ಡಪ್ಪನಿಗೆ ಫೋನ್ ಮಾಡಿದರು. "ಹಾಸ್ಟೆಲ್ ಬೇಡ ಅಣ್ಣ," ಎಂದರು. ಆ ಕಡೆಯಿಂದ ಏನು ಕೇಳಿದರೋ, "ಇಲ್ಲ, ಇಲ್ಲೇ ಇರ್ತಾಳೆ," ಎಂದು ಫೋನ್ ಇಟ್ಟರು. ಅವತ್ತು ಬಡಿಸುವಾಗ ಅಮ್ಮ, "ಇನ್ನೂ ಸ್ವಲ್ಪ ಅನ್ನ?" ಎಂದು ಕೇಳಿದಳು.

ಮರುದಿನದಿಂದ ನನ್ನನ್ನು ಶಾಲೆಗೆ ಜೀಪಿನಲ್ಲಿ ಬಿಡುವುದು ನಿಂತಿತು. ಮೈ ದಣಿಯಬೇಕು ಎಂದು ಡಾಕ್ಟರಮ್ಮ ಹೇಳಿದ್ದರಲ್ಲ, ಗುಡ್ಡದ ಒಳದಾರಿಯಲ್ಲಿ ಅಪ್ಪಯ್ಯ ಮತ್ತು ನಾನು ನಡೆದು ಹೋಗತೊಡಗಿದೆವು. ನಡೆದು ಎಂದರೂ ಓಡಿ, ನಿಂತು, ಹಿಂದಕ್ಕೆ ಹೋಗಿ, ಮತ್ತೆ ಓಡಿ. ನನ್ನ ಜೊತೆ ಹೆಜ್ಜೆ ಹಾಕಲು ಬೇರೆ ಯಾರಿಗೂ ಆಗುತ್ತಿರಲಿಲ್ಲ, ಅಪ್ಪಯ್ಯನಿಗೆ ಆಗುತ್ತಿತ್ತು. ದಾರಿಯಲ್ಲಿ ಸಿಕ್ಕ ಕಲ್ಲನ್ನು ಯಾರು ದೂರ ಎಸೆಯುತ್ತಾರೆ, ಬೇಲಿಯ ತಡಮೆಯನ್ನು ಯಾರು ಕೈಯೂರದೆ ದಾಟುತ್ತಾರೆ, ಹೀಗೆ. ಒಂದು ದಿನ ನಾನು ಕೇಳಿದೆ:

"ಕಂಬಕ್ಕೆ ಕಟ್ಟಿ ಹಾಕ್ದಾಗ ನೀವು ಎಂತ ಮಾಡ್ತಿದ್ರಿ ಅಪ್ಪಯ್ಯ?"

ಅಪ್ಪಯ್ಯ ದಾರಿಯ ಒಂದು ಕಲ್ಲೆತ್ತಿ ದೂರ ಎಸೆದರು. "ಬಾಯಿ ಕಟ್ಟಿರ್ಲಿಲ್ಲವಲ್ಲ ಕೂಸೇ," ಎಂದರು. "ಮಾತಾಡ್ತಿದ್ದೆ. ಇರುವೆ ಹತ್ರ, ಕಾಗೆ ಹತ್ರ, ಸಿಕ್ಕಿದ್ರ ಹತ್ರ. ಆಗ ಶುರುವಾಗಿದ್ದು ನಿಂತೇ ಇಲ್ಲ ನೋಡು."

ಹೇಳಿ ಅವರು ನಕ್ಕರು, ನಾನೂ ನಕ್ಕೆ. ನಗು ಬರುವ ಸಂಗತಿಯಲ್ಲ ಅದು ಎಂದು ನನಗೆ ತಿಳಿಯಲು ಎಷ್ಟೋ ವರ್ಷ ಬೇಕಾಯಿತು. ಆದರೆ ಆ ಬೆಳಿಗ್ಗೆ ನನಗೆ ಬೇರೊಂದು ತಿಳಿದಿತ್ತು. ಇಡೀ ಮನೆಯಲ್ಲಿ, ಬಹುಶಃ ಇಡೀ ಊರಿನಲ್ಲಿ, ನಾನೊಬ್ಬಳೇ ಕೆಟ್ಟುಹೋದ ಮಗು ಎಂದು ನಾನು ನಂಬಿದ್ದೆ. ಅಪ್ಪಯ್ಯನೂ ನನ್ನ ಹಾಗೆಯೇ ಎಂದಾದರೆ, ನನ್ನ ಹಾಗಿರುವವರು ದೊಡ್ಡವರಾಗುತ್ತಾರೆ, ಮೀಸೆ ಬಿಡುತ್ತಾರೆ, ಜೀಪು ಓಡಿಸುತ್ತಾರೆ, ಅವರಿಗೆ ಮನೆಯಿರುತ್ತದೆ. ಆ ಸಮಾಧಾನ ಯಾವ ಮಾತ್ರೆಯಲ್ಲೂ ಸಿಗುತ್ತಿರಲಿಲ್ಲ.

ಎಲ್ಲವೂ ಒಮ್ಮೆಲೇ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮಂಜಟ್ಟಿಯ ಲೋಟವನ್ನು ನಾನೇ ಒಂದು ಸಿಟ್ಟಿನಲ್ಲಿ ಒಡೆದೆ. ಅಮ್ಮ ಗಾಜು ಗುಡಿಸಿ, ಬೀಜ ಆರಿಸಿ, ಸ್ಟೀಲಿನ ಲೋಟ ತಂದಿಟ್ಟಳು. ಅಪ್ಪಯ್ಯ ಕೂಗಿದ ದಿನಗಳು ಆಮೇಲೂ ಇದ್ದವು. ಕೂಗಿದ ಮೇಲೆ ಅವರು ಕಣದ ಇನ್ನೊಂದು ತುದಿಗೆ ಹೋಗಿ ಒಂದು ಸುತ್ತು ಹಾಕಿ ಬಂದು, ಮಂಡಿ ಲಟಕ್ಕೆನಿಸಿ ಕೂತು, ಅದೇ ಮಾತನ್ನು ಸಣ್ಣದಾಗಿ ಹೇಳುತ್ತಿದ್ದರು. ಶಾಲೆಯಿಂದ ಬಂದ ಕೂಡಲೇ ಗೋರುಮಣೆ ಹಿಡಿದು ಕಣದ ಕಾಫಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಲು ಬಿಡಿಸುವುದು ನನ್ನ ಕೆಲಸವಾಯಿತು. ಬೆವರು ಇಳಿದ ಮೇಲೆ ಪುಸ್ತಕ. ಒಂದು ಸಾಲು ಬರೆಯುವುದು, ಎದ್ದು ಹೊಸ್ತಿಲು ಮುಟ್ಟಿ ಬರುವುದು, ಇನ್ನೊಂದು ಸಾಲು. ಏಳಬಾರದು ಎಂದು ಯಾರೂ ಹೇಳಲಿಲ್ಲ. ವಾಪಸ್ ಬಂದದ್ದಕ್ಕೆ ಮಂಜಟ್ಟಿ ಬೀಜ ಸಿಗುತ್ತಿತ್ತು. ಅಮ್ಮ ಹೋಗಿ ಮಾತಾಡಿದ ಮೇಲೆ ಟೀಚರ್ ನನ್ನನ್ನು ಕಿಟಕಿಯಿಂದ ದೂರ, ತಮ್ಮ ಮೇಜಿನ ಪಕ್ಕ ಕೂರಿಸಿಕೊಂಡರು. ಪಾಠದ ನಡುವೆ ನನ್ನ ಕಾಲು ಕುಣಿಯಲು ಶುರುವಾದರೆ ಬೋರ್ಡ್ ಒರೆಸಲು ಕಳಿಸುತ್ತಿದ್ದರು. ಆ ವರ್ಷ ನಮ್ಮ ಕ್ಲಾಸಿನ ಬೋರ್ಡಿನಷ್ಟು ಸ್ವಚ್ಛವಾದ ಬೋರ್ಡ್ ಸುತ್ತಮುತ್ತ ಎಲ್ಲೂ ಇರಲಿಲ್ಲ.

ಹೈಸ್ಕೂಲಿನಲ್ಲಿ ಪಾಠ ಉದ್ದವಾದಾಗ ಡಾಕ್ಟರಮ್ಮನೇ ಮಾತ್ರೆಯ ಮಾತೆತ್ತಿದರು, ಕೆಲವು ಕಾಲ ತೆಗೆದುಕೊಂಡೆ. ಅದರಿಂದಲೂ ಉಪಕಾರವಾಯಿತು. ಆದರೆ ಅದು ಬರುವ ಹೊತ್ತಿಗೆ ನನ್ನನ್ನು ಹೇಗೆ ನಡೆಸಿಕೊಳ್ಳಬೇಕೆಂದು ಮನೆಗೆ ಗೊತ್ತಿತ್ತು, ಸ್ವಲ್ಪ ಸ್ವಲ್ಪ ನನಗೂ ಗೊತ್ತಾಗಿತ್ತು. ಈಗ ನನಗೆ ನಲವತ್ತು ಹತ್ತಿರ. ಪಶುವೈದ್ಯೆಯಾಗಿ ದಿನವಿಡೀ ಕೊಟ್ಟಿಗೆಯಿಂದ ಕೊಟ್ಟಿಗೆಗೆ ತಿರುಗುವ ಕೆಲಸ, ಒಂದು ಕುರ್ಚಿಯಲ್ಲಿ ಕೂರಿಸುವ ಯಾವ ಕೆಲಸವನ್ನೂ ನಾನು ಹುಡುಕಲೇ ಇಲ್ಲ.

ಬಾಲ್ಯದ ಆ ದಿನಗಳಲ್ಲಿ ನಾನು ಈಗಲೂ ಹೆಚ್ಚು ನೆನೆಯುವುದು ಸಂಸೆಯಲ್ಲಿ ನಡೆದ ನನ್ನ ಚಿಕ್ಕಮ್ಮನ ಮದುವೆ. ತಿಥಿಯ ಆ ಘಟನೆಯ ನಂತರ ನನ್ನನ್ನು ಯಾವ ಸಮಾರಂಭಕ್ಕೂ ಕರೆದುಕೊಂಡು ಹೋಗಿರಲಿಲ್ಲ. ನಾನು ಮತ್ತು ಅಜ್ಜಿ ಮನೆಯಲ್ಲಿ ಉಳಿಯುತ್ತಿದ್ದೆವು. ಆದರೆ ಇದು ಅಮ್ಮನ ಸ್ವಂತ ತಂಗಿಯ ಮದುವೆ, ಅಮ್ಮ ನನ್ನನ್ನು ಬಿಟ್ಟು ಹೋಗಲು ಒಪ್ಪಲಿಲ್ಲ. ಹಿಂದಿನ ದಿನವೇ ಕೂರಿಸಿಕೊಂಡು ನಾಳೆ ಏನೇನಾಗುತ್ತದೆ ಎಂದು ಒಂದೊಂದಾಗಿ ಹೇಳಿದಳು: ಜೀಪಿನಲ್ಲಿ ಹೋಗುತ್ತೇವೆ, ತಿಂಡಿ ತಿನ್ನುತ್ತೇವೆ, ಚಪ್ಪರದಲ್ಲಿ ಅಂಚಿಗೆ ಕೂರುತ್ತೇವೆ, ಕೂರಲಾಗದಿದ್ದರೆ ನನ್ನ ಕೈ ಎರಡು ಸಲ ಅದುಮು, ಎದ್ದು ಹೊರಗೆ ಹೋಗು, ಗೇಟು ದಾಟಬೇಡ, ತಿರುಗಿ ಬಾ. ನಾನು ಹಾಗೆಯೇ ಮಾಡಿದೆ. ಅದುಮಿದೆ, ಹೋದೆ, ಬಂದೆ. ಮತ್ತೆ ಅದುಮಿದೆ, ಹೋದೆ, ಬಂದೆ. ಮುಹೂರ್ತ ಹತ್ತಿರವಾಯಿತು. ಎಲ್ಲರ ಕೈಗೂ ಅಕ್ಷತೆ ಕೊಟ್ಟರು. ಅಮ್ಮ ತಂಗಿಯ ಪಕ್ಕ ನಿಲ್ಲಲು ಮಂಟಪಕ್ಕೆ ಹೋದಳು, ನನ್ನ ಪಕ್ಕ ಅಪ್ಪಯ್ಯ ಬಂದು ಕೂತರು. ಮುಂದಿನ ಸಾಲಿನಿಂದ ವಯಸ್ಸಾದ ನೆಂಟರೊಬ್ಬರು ತಿರುಗಿದರು.

"ಆ ಕೂಸನ್ನ ಸ್ವಲ್ಪ ಕೂರ್ಸಿ ಮಾರಾಯ್ರೆ. ಆವಾಗಿಂದ ನೋಡ್ತಿದೀನಿ, ಎದ್ದು ಹೋಗೋದು, ಬರೋದು. ಹೆಣ್ಣುಮಗು. ಮುಹೂರ್ತದ ಹೊತ್ತಿಗಾದ್ರೂ ಹಿಡಿದು ಕೂರ್ಸೋಕಾಗಲ್ವಾ?"

ಸುತ್ತಲಿನವರು ನನ್ನ ಕಡೆ ನೋಡಿದರು. ನಾನು ಅಪ್ಪಯ್ಯನ ಕೈಯನ್ನು ಎರಡು ಸಲ ಅದುಮಿದೆ. ಅವರು ಈಗ ನನ್ನನ್ನು ಹಿಡಿದುಕೊಳ್ಳುತ್ತಾರೆ ಎಂದೇ ಅಂದುಕೊಂಡೆ.

"ಎದ್ದು ಹೋಗಿ ಬಾ ಅಂತ ನಾವೇ ಹೇಳಿದ್ದು ಮಾವ," ಎಂದರು ಅಪ್ಪಯ್ಯ, ಎಲ್ಲರಿಗೂ ಕೇಳಿಸುವ ಹಾಗೆ. "ಹೋದ ಸಲಾನೂ ಹೇಳಿದ ಹಾಗೇ ವಾಪಸ್ ಬಂದ್ಲು. ಈಗ ನಾನೂ ಹೋಗ್ತೀನಿ ಅವಳ ಜೊತೆ."

ಶಲ್ಯ ಹೆಗಲಿಗೆಸೆದುಕೊಂಡು ಅವರು ಎದ್ದರು. ಸಾಲು ಸಾಲು ಜನರ ನಡುವಿನಿಂದ ನಾವಿಬ್ಬರೂ ಕೈ ಹಿಡಿದುಕೊಂಡು ಹೊರಗೆ ಬಂದೆವು. ಹೊರಗೆ ಬಿಸಿಲು ಬಿದ್ದಿತ್ತು. ಗೇಟಿನೊಳಗೆ ನಿಲ್ಲಿಸಿದ್ದ ಜೀಪುಗಳ ಸುತ್ತ ನಾವು ಒಂದು ಸುತ್ತು ಹಾಕಿದೆವು, ಮೊದಲು ನಡೆದು, ಆಮೇಲೆ ಪಂಚೆಯೆತ್ತಿಕೊಂಡ ಅಪ್ಪಯ್ಯನ ಹಿಂದೆ ನಾನು ಓಡಿ. ಅಷ್ಟರಲ್ಲಿ ಒಳಗೆ ಗಟ್ಟಿಮೇಳ ಶುರುವಾಯಿತು. ಅಪ್ಪಯ್ಯ ಥಟ್ಟನೆ ನಿಂತು ಮುಷ್ಟಿ ಬಿಡಿಸಿ ನೋಡಿಕೊಂಡರು, ನಾನೂ ನೋಡಿಕೊಂಡೆ. ಇಬ್ಬರ ಕೈಯಲ್ಲೂ ಅಕ್ಷತೆ ಬೆವರಿಗೆ ಅಂಟಿಕೊಂಡಿತ್ತು. ಅಲ್ಲಿಂದಲೇ ಚಪ್ಪರದ ಕಡೆಗೆ ಎಸೆದೆವು. ಅದು ಯಾರದೋ ಜೀಪಿನ ಬಾನೆಟ್ಟಿನ ಮೇಲೆ ಬಿತ್ತು, ಎಲ್ಲಿದ್ದವೋ ಎರಡು ಕೋಳಿಗಳು ಓಡಿಬಂದವು.

"ಒಳಗೆ ಹೋಗೋಣ್ವಾ ಕೂಸೇ?"

"ಇನ್ನೊಂದು ಚೂರು ಹೊತ್ತು."

"ನಂಗೂ ಹಾಗೇ ಅನ್ನಿಸ್ತು," ಎಂದು ಅಪ್ಪಯ್ಯ ಮತ್ತೆ ಪಂಚೆ ಎತ್ತಿಕೊಂಡರು.